ಮಕ್ಕಳು, ಕರುಗಳು, ಒಂದೇ ಅಂಗಳ: ಹೈನು ನಂಬಿದ ಕೂಡು ಕುಟುಂಬಕ್ಕೆ ಏಳು ಸೂತ್ರಗಳು

ಕೋಲಾರ, ಮಂಡ್ಯ, ಹಾಸನ, ತುಮಕೂರು ಕಡೆಯ ಎಷ್ಟೋ ಮನೆಗಳಲ್ಲಿ ತಾತ ಕಟ್ಟಿದ ಕೊಟ್ಟಿಗೆಯನ್ನೇ ಮೊಮ್ಮಗ ನಡೆಸುತ್ತಿದ್ದಾನೆ. ಅಂದು ಹಳ್ಳಿಕಾರ್ ಜೋಡಿ, ಇಂದು ಎಚ್‌ಎಫ್, ಜರ್ಸಿ ಮಿಶ್ರತಳಿ. ಪಕ್ಕದಲ್ಲೇ ತೊಟ್ಟಿಲೂ ತೂಗುತ್ತಿದೆ. ಇಂಥ ಮನೆ ನೆಮ್ಮದಿಯಾಗಿ ನಡೆಯಲು ಪ್ರೀತಿಯೊಂದೇ ಸಾಲದು, ಕೆಲವು ಕಟ್ಟುಪಾಡೂ ಬೇಕು.

1. ಡೇರಿ ಪುಸ್ತಕ ಹಾಲು ಕರೆಯುವವರ ಹೆಸರಲ್ಲಿರಲಿ.
ಸಗಣಿ ಬಾಚಿ, ಮೇವು ಹಾಕಿ, ಹಾಲು ಕರೆಯುವವಳು ಬಹುಪಾಲು ಮನೆಯ ಸೊಸೆ. ಬಟವಾಡೆ ಮಾತ್ರ ಮಾವನ ಖಾತೆಗೆ. ಕೂಡು ಕುಟುಂಬಗಳು ಒಳಗೊಳಗೇ ಬಿರುಕು ಬಿಡುವುದು ಇಲ್ಲಿಯೇ. ಹಾಲು ಉತ್ಪಾದಕರ ಸಂಘದ ಸದಸ್ಯತ್ವ ಯಾರ ಹೆಸರಲ್ಲಿದೆಯೋ ದುಡ್ಡು ಅವರದು. ಸರ್ಕಾರ ಲೀಟರಿಗೆ ಇಷ್ಟೆಂದು ಕೊಡುವ ಪ್ರೋತ್ಸಾಹಧನಕ್ಕೂ ಇದೇ ಮಾತು. ಆ ಹೆಸರು ಸೊಸೆಯದಾಗಲಿ. ಮಗುವಿನ ಜ್ವರದ ಔಷಧಿಗೆ ತಾಯಿ ಇನ್ನೊಬ್ಬರ ಮುಂದೆ ಕೈಚಾಚಬೇಕಾದ ಮನೆ, ದಿನಕ್ಕೆ ಎಷ್ಟೇ ಲೀಟರ್ ಹಾಕಿದರೂ ಬಡವರ ಮನೆಯೇ.

2. ಗಿಣ್ಣು ಹಾಲು ಮೊದಲು ಕರುವಿಗೆ.
ಹುಟ್ಟಿದ ಒಂದು ಗಂಟೆಯೊಳಗೆ ಕರು ಗಿಣ್ಣು ಕುಡಿಯಬೇಕು. ಮೊದಲ ದಿನದಲ್ಲಿ ಅದರ ಮೈತೂಕದ ಹತ್ತನೇ ಒಂದು ಪಾಲು ಹೊಟ್ಟೆ ಸೇರಬೇಕು, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಉಳಿದದ್ದರಲ್ಲಿ ಮಕ್ಕಳಿಗೆ ಗಿಣ್ಣು ಮಾಡಿಕೊಡಿ. ಕಾಯುವುದನ್ನೂ ಮಕ್ಕಳು ಕಲಿಯುತ್ತಾರೆ.

3. ಕಂದು ರೋಗವನ್ನು ಹಗುರವಾಗಿ ಕಾಣಬೇಡಿ.
ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್, ಹಸುವಿನಿಂದ ಮನುಷ್ಯರಿಗೂ ಹರಡುತ್ತದೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸಿ. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಯಾರೂ ಮುಟ್ಟಬಾರದು. ಕಂದನ್ನೂ ಸತ್ತೆಯನ್ನೂ ಸುಣ್ಣ ಹಾಕಿ ಆಳವಾಗಿ ಹೂತುಬಿಡಿ. ಬಸುರಿಯನ್ನು ಅತ್ತ ಕಳಿಸಲೇಬೇಡಿ, ಆ ಕೆಲಸ ಗಂಡಸರೇ ಮಾಡಲಿ. ನೊರೆಹಾಲು ಕುಡಿದರೆ ಮಗು ಗಟ್ಟಿಯಾಗುತ್ತದೆ ಎನ್ನುವ ಅಜ್ಜಿಗೆ ಗೌರವದಿಂದಲೇ ಹೇಳಿ: ಕಾಯಿಸದ ಹಾಲು ಮಗುವಿನ ಬಾಯಿಗೆ ಬೇಡ. ಈ ಒಂದು ವಿಷಯದಲ್ಲಿ ಹಿರಿಯರಿಗೂ ರಿಯಾಯಿತಿ ಇಲ್ಲ.

4. ವಯಸ್ಸಿಗೆ ತಕ್ಕ ಕೆಲಸ ಕೊಡಿ.
ಆರು ವರ್ಷದ ಮಗು ಕರುವಿಗೆ ಎಳೆ ಹುಲ್ಲು ತಿನ್ನಿಸಲಿ, ಅದಕ್ಕೊಂದು ಹೆಸರಿಡಲಿ. ಮೇವು ಕತ್ತರಿಸುವ ಯಂತ್ರದ ಹತ್ತಿರ ಮಾತ್ರ ಸುಳಿಯಕೂಡದು, ಅದು ಬೆರಳು ಯಾವುದು, ಜೋಳದ ದಂಟು ಯಾವುದು ಎಂದು ನೋಡುವುದಿಲ್ಲ. ಈಗಷ್ಟೇ ಕರು ಹಾಕಿದ ಹಸು ಎಷ್ಟೇ ಸಾಧುವಾದರೂ ಮಕ್ಕಳು ದೂರವಿರಲಿ. ಡೇರಿಗೆ ಕ್ಯಾನ್ ಒಯ್ಯುವ ನೆಪದಲ್ಲಿ ಶಾಲೆಗೆ ತಡವಾಗದಿರಲಿ.

5. ತಾತನ ಕಣ್ಣು, ಮಗನ ಮೊಬೈಲು.
ಹಸು ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅದರ ಕೂಗು, ಲೋಳೆ, ಚಡಪಡಿಕೆ ಮೊದಲು ಕಾಣುವುದು ಜಗಲಿಯ ಮೇಲೆ ಕೂತ ತಾತನಿಗೆ. ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ತಾತ ಹೇಳಲಿ, ಮಗ ದಿನಾಂಕ ಬರೆದಿಟ್ಟು ಫೋನ್ ಮಾಡಲಿ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ದಂಡ. ಹಿರಿಯರನ್ನು ಮೂಲೆಗೆ ಸರಿಸುವ ಮನೆಗೆ ಈ ನಷ್ಟ ತಪ್ಪಿದ್ದಲ್ಲ.

6. ಸರದಿ ಹಾಕಿಕೊಳ್ಳಿ.
ಹಸುವಿಗೆ ಭಾನುವಾರವಿಲ್ಲ, ಆದರೆ ಮನುಷ್ಯರಿಗೆ ಬೇಕು. ವಾರಕ್ಕೊಂದು ಸಂಜೆ ಎಳೆಯ ದಂಪತಿಗೆ ಬಿಡುವಿರಲಿ. ಬಾಣಂತನದಲ್ಲಂತೂ ಕೊಟ್ಟಿಗೆ ಕೆಲಸ ಪೂರ್ತಿ ಬೇರೆಯವರದು.

7. ಪಾಲಿನ ಮಾತು ಹಿರಿಯರು ಇರುವಾಗಲೇ ಆಗಲಿ.
ಜಮೀನು ಯಾರಿಗೆ, ಕೊಟ್ಟಿಗೆ ಯಾರಿಗೆ, ಹಸುಗಳ ಸಾಲ ಯಾರು ತೀರಿಸಬೇಕು? ಇವನ್ನು ಸಾವಿನ ಮನೆಯಲ್ಲಿ ಚರ್ಚಿಸಿದರೆ ಜಗಳವೇ ಗತಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಹೆಣ್ಣುಮಕ್ಕಳನ್ನು ಹೊರಗಿಟ್ಟು ಮಾಡುವ ಲೆಕ್ಕ ನ್ಯಾಯವೂ ಅಲ್ಲ, ನಿಲ್ಲುವುದೂ ಇಲ್ಲ. ಮುಂದಿನ ಹಬ್ಬಕ್ಕೆ ಮಗಳು ತವರಿಗೆ ಬಂದಾಗ ಎಲ್ಲರೂ ಒಟ್ಟಿಗೆ ಕೂತು ಮಾತಾಡಿ, ಒಪ್ಪಿದ್ದನ್ನು ಬರೆಸಿ ನೋಂದಣಿ ಮಾಡಿಸಿ.