ಪ್ರೊಸೆಸರ್ ವೇಗ ಹೆಚ್ಚಿಸಿದರೆ ಆಟವೂ ವೇಗವಾಗುತ್ತದೆಯೇ?

ಕಂಪ್ಯೂಟರಿನಲ್ಲಿ ಆಟ ತಡೆತಡೆದು ಓಡತೊಡಗಿದರೆ ‘ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡು, ಸರಿಹೋಗುತ್ತದೆ’ ಎಂದು ಗೆಳೆಯರು ಸಲಹೆ ಕೊಡುವುದುಂಟು. ಈ ಮಾತು ಎಷ್ಟು ನಿಜ?

ಪ್ರೊಸೆಸರ್ ಕೆಲಸ ಮಾಡುವುದು ಗಡಿಯಾರದ ಮಿಡಿತಕ್ಕೆ ತಕ್ಕಂತೆ. 4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 400 ಕೋಟಿ ಮಿಡಿತ. ತಯಾರಕರು ನಿಗದಿಪಡಿಸಿದ ಮಿಡಿತವನ್ನು ಮೀರಿ ಓಡಿಸುವುದೇ ಓವರ್‌ಕ್ಲಾಕಿಂಗ್. 1998ರ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಹೆಸರಾಗಿತ್ತು. ಅದರ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ, 300 ಮೆಗಾಹರ್ಟ್ಸ್‌ನ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು.

ಆದರೆ ಆಟವನ್ನು ನಡೆಸುವುದು ಪ್ರೊಸೆಸರ್ ಒಂದೇ ಅಲ್ಲ. ಯಾವ ಪಾತ್ರ ಎಲ್ಲಿದೆ, ಯಾವುದು ಯಾವುದಕ್ಕೆ ತಾಗಿತು ಎಂಬ ಲೆಕ್ಕ ಪ್ರೊಸೆಸರಿನದು. ಅದನ್ನು ಚಿತ್ರವಾಗಿ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಇವೆರಡರಲ್ಲಿ ನಿಧಾನವಾದದ್ದೇ ಆಟದ ವೇಗವನ್ನು ನಿರ್ಧರಿಸುತ್ತದೆ.

ಒಂದು ಲೆಕ್ಕ ನೋಡೋಣ. ಒಂದು ಫ್ರೇಮಿಗೆ ಪ್ರೊಸೆಸರ್ 10 ಮಿಲಿಸೆಕೆಂಡ್, ಗ್ರಾಫಿಕ್ಸ್ ಕಾರ್ಡ್ 20 ಮಿಲಿಸೆಕೆಂಡ್ ತೆಗೆದುಕೊಂಡರೆ ಸೆಕೆಂಡಿಗೆ 50 ಫ್ರೇಮ್ ಸಿಗುತ್ತದೆ. ಪ್ರೊಸೆಸರನ್ನು ಶೇ. 10ರಷ್ಟು ವೇಗಗೊಳಿಸಿದರೂ ಸಿಗುವುದು ಅದೇ 50. ಈ ಅಂಕಿಗಳು ಅದಲುಬದಲಾಗಿದ್ದರೆ ಮಾತ್ರ ಅದು ಸುಮಾರು 55ಕ್ಕೆ ಏರುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿ ಯಾವುದು ನಿಧಾನ? ಆಟದ ರೆಸಲ್ಯೂಷನ್ ತಗ್ಗಿಸಿ ನೋಡಿ. ಫ್ರೇಮ್ ಹೆಚ್ಚಿದರೆ ಕೊರತೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಹೆಚ್ಚದಿದ್ದರೆ ಪ್ರೊಸೆಸರಿನ ಕಡೆಗೆ ಗಮನ ಕೊಡಬಹುದು.

ಓವರ್‌ಕ್ಲಾಕಿಂಗ್‌ಗೆ ತೆರಬೇಕಾದ ಬೆಲೆಯೂ ಇದೆ. ಪ್ರೊಸೆಸರ್ ಬಳಸುವ ವಿದ್ಯುತ್ತು ಮುಖ್ಯವಾಗಿ ವೋಲ್ಟೇಜಿನ ವರ್ಗ ಮತ್ತು ಆವರ್ತನದ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇ. 10ರಷ್ಟು ಹೆಚ್ಚಿಸಿದರೆ 1.1 × 1.1 × 1.1 = 1.331. ಅಂದರೆ ಶೇ. 10ರ ವೇಗಕ್ಕೆ ಸುಮಾರು ಶೇ. 33ರಷ್ಟು ಹೆಚ್ಚು ಶಾಖ! ತಂಪುಗೊಳಿಸುವ ವ್ಯವಸ್ಥೆ ಸಾಲದಿದ್ದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಮಿಡಿತ ಮಿತಿ ಮೀರಿದರೆ ಲೆಕ್ಕ ತಪ್ಪಿ ಕಂಪ್ಯೂಟರ್ ನಡುವೆಯೇ ನಿಂತುಬಿಡಬಹುದು. ಉಳಿಸದೆ ಬಿಟ್ಟ ಪ್ರಾಜೆಕ್ಟ್ ಫೈಲೂ ಹೋಗಬಹುದು. ವಾರಂಟಿಗೂ ಕುತ್ತು ಬರಬಹುದು.

ಇಂದಿನ ಪ್ರೊಸೆಸರುಗಳು ಅಗತ್ಯ ಬಿದ್ದಾಗ ತಾವೇ ವೇಗ ಹೆಚ್ಚಿಸಿಕೊಳ್ಳುವುದರಿಂದ ನಮ್ಮ ಪ್ರಯತ್ನಕ್ಕೆ ಉಳಿಯುವ ಲಾಭ ಸಾಮಾನ್ಯವಾಗಿ ಅಲ್ಪ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಇದಕ್ಕೆ ಅವಕಾಶವೂ ಇರುವುದಿಲ್ಲ. ಹಾಗಾಗಿ ಮೊದಲು ಫ್ಯಾನಿನ ಧೂಳು ತೆಗೆಯಿರಿ, ಆಟದ ಗ್ರಾಫಿಕ್ಸ್ ಮಟ್ಟ ಇಳಿಸಿ ನೋಡಿ. ಮನೆಯವರು ಕಷ್ಟಪಟ್ಟು ಕೊಡಿಸಿದ ಕಂಪ್ಯೂಟರ್ ಅದು. ಮೊದಲು ಅಳೆದು ನೋಡಿ, ವೇಗ ಏರಿಸುವ ಮಾತು ಆಮೇಲಿರಲಿ.