ಹಿಂಡಿದ ನೀರನ್ನು ಚೆಲ್ಲಬೇಡ

ತಂಗೀ, ಕೊಲೋನಿನಲ್ಲಿ ರೂಮು ಸಿಕ್ಕಿತು, ನಾಲ್ವರಿಗೆ ಒಂದೇ ಅಡುಗೆಮನೆ ಎಂದೆಯಲ್ಲ, ಒಳ್ಳೆಯದೇ ಆಯಿತು. ಅನ್ನ ಸಾರು ನಿನಗೆ ಬರುತ್ತದೆ. ಆ ಊರಿನವರ ಆಲೂಗಡ್ಡೆ ದೋಸೆಯನ್ನೊಂದು ಕಲಿತುಕೋ. ಪುಸ್ತಕದಲ್ಲಿ ಅದರ ಹೆಸರು ಕಾರ್ಟೊಫೆಲ್‌ಪುಫರ್. ಕೊಲೋನಿನ ಅಜ್ಜಿಯರ ಬಾಯಲ್ಲಿ ರೀವ್‌ಕೋಖೆ. ಬವೇರಿಯಾದಲ್ಲಿ ಕೇಳಿದರೆ ರೈಬರ್‌ಡಾಚಿ. ನಮ್ಮಲ್ಲಿ ಸೀಮೆ ದಾಟಿದರೆ ಸಾರಿನ ಹೆಸರೇ ಬದಲಾಗುವುದಿಲ್ಲವೇ, ಹಾಗೆ.

ಅಂಗಡಿಯಲ್ಲಿ ಕೈಗೆ ಸಿಕ್ಕ ಚೀಲ ಎತ್ತಬೇಡ. ‘ಫೆಸ್ಟ್‌ಕೊಖೆಂಡ್’ ಎಂದು ಬರೆದಿದ್ದರೆ ಅದು ಬೆಂದರೂ ಗಟ್ಟಿ, ಸಲಾಡಿನದು, ಪಿಷ್ಟ ಕಡಿಮೆ. ‘ಮೇಲಿಗ್‌ಕೊಖೆಂಡ್’ ಬೆಂದರೆ ಹಿಟ್ಟಾಗುತ್ತದೆ. ಅದು ಆಗುತ್ತದೆ, ಇವೆರಡರ ನಡುವಿನದೂ ಆಗುತ್ತದೆ. ಹಸಿರು ತಿರುಗಿದ ಗಡ್ಡೆ ಮಾತ್ರ ಬೇಡ.

ಒಂದು ಕಿಲೋ ಗಡ್ಡೆಗೆ ಒಂದು ಈರುಳ್ಳಿ, 2 ಮೊಟ್ಟೆ, 2–3 ಚಮಚ ಮೈದಾ, ಉಪ್ಪು, ಚಿಟಿಕೆ ಜಾಯಿಕಾಯಿ. ಇಷ್ಟೇ. ಹಸಿಮೆಣಸು, ಜೀರಿಗೆ, ಕಡಲೆಹಿಟ್ಟು ಎಲ್ಲ ಸುರಿಯಲು ನಿನ್ನ ಕೈ ತುರಿಸುತ್ತದೆ, ಗೊತ್ತು. ಮೊದಲ ಸಲ ಅವರ ಹಾಗೇ ಮಾಡು. ಆಮೇಲೆ ನಿನ್ನ ಇಷ್ಟ.

ಈಗ ಮುಖ್ಯ ವಿಷಯ. ಹಸಿ ಗಡ್ಡೆಯನ್ನು ಈರುಳ್ಳಿ ಜೊತೆ ಸಣ್ಣಗೆ ತುರಿದು ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಬೇಕು, ಕೈ ನೋಯುವಷ್ಟು. ಮೊದಲ ಸಲ ನಾನು ಆ ಕಂದು ನೀರನ್ನು ಸಿಂಕಿಗೆ ಚೆಲ್ಲಿದೆ. ದೋಸೆ ಕಾವಲಿಯಲ್ಲೇ ಚೂರುಚೂರಾಯಿತು. ಅಂಟಲೆಂದು ಮೈದಾ ಸುರಿದೆ, ಚಪ್ಪಲಿಯ ಅಟ್ಟೆಯಂತಾಯಿತು. ಪಕ್ಕದ ಮನೆಯ ಅಜ್ಜಿ ಬಂದು ಕಲಿಸಿದರು: ನೀರನ್ನು ಬೋಗುಣಿಯಲ್ಲಿ ಹತ್ತು ನಿಮಿಷ ಬಿಡು, ಮೇಲಿನದನ್ನು ಮೆಲ್ಲಗೆ ಬಸಿ, ತಳ ಕೆರೆ. ಕೆರೆದೆ. ಬೆಳ್ಳಗೆ, ಬೆರಳಿಗೆ ಕಿರುಗುಟ್ಟುವ ಹಿಟ್ಟು. ತಂಗೀ, ನಮ್ಮ ಕೂವೆ ಹಿಟ್ಟು! ಗಡ್ಡೆ ಅರೆದು, ನೀರಲ್ಲಿ ಕದಡಿ, ತಳಕ್ಕೆ ಕೂರಿಸಿ ಆಯಿ ತೆಗೆಯುತ್ತಿದ್ದಳಲ್ಲ, ಅದೇ ಕೆಲಸ. ಅದನ್ನು ತುರಿಗೆ ಮರಳಿ ಕಲಸಿದರೆ ಮೈದಾ ಬೇಕಾಗುವುದೇ ಕಡಿಮೆ. ನೀನು ಮೊಟ್ಟೆ ಮುಟ್ಟುವುದಿಲ್ಲವಾದರೂ ಇದೇ ಹಿಡಿದುಕೊಳ್ಳುತ್ತದೆ. ಬೇಕಾದರೆ ಅಂಗಡಿಯ ಆಲೂಗಡ್ಡೆ ಪಿಷ್ಟ ಒಂದು ಚಮಚ ಸೇರಿಸು, ಮಗುಚುವಾಗ ಅವಸರ ಮಾಡಬೇಡ.

ಹಿಂಡುವುದಕ್ಕೆ ತಾಳ್ಮೆ ಬೇಕು, ಆಮೇಲೆ ಓಟ. ಇದು ಉದ್ದಿನ ಹಿಟ್ಟಲ್ಲ, ರಾತ್ರಿಯಿಡೀ ಇಡಲು. ಗಾಳಿ ತಾಗಿದರೆ ತುರಿ ಕಪ್ಪಾಗುತ್ತದೆ, ಉಪ್ಪು ಬಿದ್ದರೆ ಮತ್ತೆ ನೀರೊಡೆಯುತ್ತದೆ. ಹಾಗಾಗಿ ಎಣ್ಣೆ ಕಾದ ಮೇಲೇ ಉಪ್ಪು. ಎಣ್ಣೆ ಕಾವಲಿಯ ತಳ ಮುಚ್ಚುವಷ್ಟಿರಲಿ. ಅಲ್ಲಿ ‘ಬುಟರ್‌ಶ್ಮಾಲ್ಟ್ಸ್’ ಎಂದು ಮಾರುತ್ತಾರೆ, ಹೆಚ್ಚುಕಡಿಮೆ ನಮ್ಮ ತುಪ್ಪವೇ, ಕೈಗೆಟುಕಿದರೆ ಅದು. ಒಂದೊಂದು ಚಮಚ ಹಾಕಿ ತೆಳುವಾಗಿ ಒತ್ತು, ಅಂಚು ಕೆಂಪಗಾಗುವವರೆಗೆ ಸಟ್ಟುಗ ತಾಗಿಸಬೇಡ. ಒಂದು ಮಗ್ಗುಲಿಗೆ ಮೂರು–ನಾಲ್ಕು ನಿಮಿಷ.

ನಂಜಿಕೊಳ್ಳಲು ಸೇಬು ಬೇಯಿಸಿ ಮಸೆದ ಆಪ್ಫೆಲ್‌ಮೂಸ್. ಉಪ್ಪು ದೋಸೆಗೆ ಸಿಹಿಯೇ ಎಂದು ಮೂಗು ಮುರಿಯಬೇಡ. ತೆಳ್ಳೇವಿಗೆ ಜೋನಿ ಬೆಲ್ಲ ಹಾಕಿಕೊಂಡವಳು ನೀನು. ರೈನ್ ಸೀಮೆಯವರಂತೂ ಬೀಟ್ ಗಡ್ಡೆಯ ಕಪ್ಪು ಪಾಕ, ರ್ಯೂಬೆನ್‌ಕ್ರೌಟ್, ಸುರಿದು ಕಪ್ಪು ಬ್ರೆಡ್ಡಿನ ಜೊತೆ ತಿನ್ನುತ್ತಾರೆ. ನನ್ನ ಓಟು ಅದಕ್ಕೇ. ಕ್ಯಾಥೊಲಿಕ್ ಮನೆಗಳಲ್ಲಿ ಶುಕ್ರವಾರ ಮಾಂಸ ಇಲ್ಲದ್ದರಿಂದ ಆ ದಿನಕ್ಕೆ ಇದು ರೂಢಿಯ ತಿಂಡಿ. ನಿನ್ನ ರೂಮಿನವರನ್ನೂ ಒಂದು ಶುಕ್ರವಾರ ಕರೆ. ಕಾವಲಿಯಿಂದ ತಟ್ಟೆಗೆ ಬಿಸಿಬಿಸಿ ಬೀಳಬೇಕು, ನೀನು ಕೊನೆಗೆ ತಿನ್ನು.

ಹಾಂ, ಎಣ್ಣೆ ಕಾಯಿಸುವ ಮೊದಲು ಎಲ್ಲರ ಕೋಟುಗಳನ್ನೂ ಒಳಗಿಟ್ಟು ಬಾಗಿಲು ಹಾಕು, ಚಳಿಯಾದರೂ ಕಿಟಕಿ ತೆರೆ. ಒಮ್ಮೆ ಮರೆತಿದ್ದೆ. ಮರುದಿನ ಟ್ರಾಮಿನಲ್ಲಿ ಪಕ್ಕದ ಮುದುಕರು ನನ್ನ ತೋಳಿನತ್ತ ಮೂಗು ತಂದು, “ರೀವ್‌ಕೋಖೆ?” ಎಂದು ಕೇಳಿದರು.