ಕತ್ತಿಯ ಹದವೂ ಇಂಗಾಲದ ಸಂಚಾರವೂ

ಕುಂದಾಪುರದಿಂದ ಬೈಂದೂರಿನವರೆಗೆ ಕತ್ತಿಯಿಲ್ಲದ ಮನೆಯುಂಟೆ? ನಮ್ಮ ಮನೆಯ ಕತ್ತಿಯನ್ನು ನಾನು ಕಳೆದ ವರ್ಷ ವಿದ್ಯುತ್ ಸಾಣೆಗೆ ಒತ್ತಿ ಹಿಡಿದೆ. ಬಾಯಿ ನೀಲಿಗಟ್ಟಿತು, ನಾಲ್ಕು ಎಳನೀರು ಕೆತ್ತುವುದರೊಳಗೆ ಮೊಂಡಾಯಿತು. ಆಚಾರಿಯವರು ನೋಡಿದವರೇ, “ಹದ ಹೋಯ್ತ್ ಮಾಣಿ” ಎಂದರು. ಈ ಹದವೆಂಬುದು ಯಾವುದು?

ಉಕ್ಕೆಂದರೆ ಕಬ್ಬಿಣ ಮತ್ತು ಅಲ್ಪ ಇಂಗಾಲ. 1801ರಲ್ಲಿ ಕುಂದಾಪುರದ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮೈಸೂರು ಸೀಮೆಯಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಡ್ಡಿಯ ಇಂಗಾಲವೇ ಕಬ್ಬಿಣವನ್ನು ಹೊಕ್ಕಿತು.

ಕಬ್ಬಿಣವು ಸಂಕ್ರಮಣ ಲೋಹಗಳಲ್ಲೊಂದು. ಅದರ ಪರಮಾಣುಗಳು ಸಾಲುಗಟ್ಟಿ ನಿಂತಿರುತ್ತವೆ. ಗಾತ್ರದಲ್ಲಿ ಕಿರಿದಾದ ಇಂಗಾಲದ ಪರಮಾಣು ಅವುಗಳ ಸ್ಥಾನವನ್ನು ಕಸಿಯದೆ ನಡುವಣ ಸಂದಿಯಲ್ಲಿ ಕೂರುತ್ತದೆ. ಕೋಟೇಶ್ವರದ ಕೊಡಿಹಬ್ಬದ ಸಂದಣಿಯಲ್ಲಿ ದೊಡ್ಡವರು ಕದಲಲಾರರು. ಮಕ್ಕಳಾದರೋ ನುಸುಳಿ ತೇರಿನ ಬಳಿ ಸೇರಿರುತ್ತಾರೆ. ಆದರೆ ನುಸುಳುವಾಗ ಅಕ್ಕಪಕ್ಕದವರನ್ನು ತುಸು ತಳ್ಳಬೇಕಷ್ಟೆ. ಪರಮಾಣುವಿಗೆ ಆ ತಳ್ಳುವ ಶಕ್ತಿಯನ್ನು ಕೊಡುವುದು ಶಾಖ. ನಮ್ಮ ಕೋಣೆಯ ಉಷ್ಣತೆಯಲ್ಲಿ ಮೆದು ಕಬ್ಬಿಣದೊಳಗಿನ ಇಂಗಾಲವು ಸೆಕೆಂಡಿಗೆ ಸುಮಾರು ಒಂದು ಸಲ ಜಿಗಿಯುತ್ತದೆ, ಅದೂ ದಿಕ್ಕುದೆಸೆಯಿಲ್ಲದೆ. ಆದುದರಿಂದ ದೂರವೇನೂ ಸಾಗುವುದಿಲ್ಲ. ಉಷ್ಣತೆ ಏರಿದಂತೆ ಜಿಗಿತಗಳು ಲಕ್ಷಪಟ್ಟು, ಕೋಟಿಪಟ್ಟು ಹೆಚ್ಚುತ್ತವೆ.

ಶುದ್ಧ ಕಬ್ಬಿಣವನ್ನು 912 ಡಿಗ್ರಿ ಸೆಂಟಿಗ್ರೇಡ್ ದಾಟಿಸಿದರೆ ಪರಮಾಣುಗಳ ಸಾಲೇ ಬದಲಾಗುತ್ತದೆ. ಹೊಸ ಜೋಡಣೆಯ ಸಂದಿಗಳು ದೊಡ್ಡವು. ನೂರಕ್ಕೆ ಎರಡು ಪಾಲಿನವರೆಗೂ ಇಂಗಾಲ ಹಿಡಿಸೀತು. ಹಳೆಯ ಜೋಡಣೆಯಲ್ಲಾದರೆ 0.02 ಪಾಲೂ ಕಷ್ಟ. ವಿಚಿತ್ರವೆಂದರೆ, ಸಂದಿ ದೊಡ್ಡದಾದರೂ ಹೊಸ ಜೋಡಣೆಯಲ್ಲಿ ನಡಿಗೆ ನಿಧಾನ! ಅಲ್ಲಿ ಪರಮಾಣುಗಳು ಇನ್ನೂ ಒತ್ತಾಗಿವೆ. ಒಂದು ಸಂದಿಯಿಂದ ಮತ್ತೊಂದಕ್ಕೆ ಹೋಗುವ ಬಾಗಿಲು ಇಕ್ಕಟ್ಟು.

ಕೆಂಪಗೆ ಕಾದ ಕತ್ತಿಯನ್ನು ಆಚಾರಿಯವರು ನೀರಿಗೆ ಅದ್ದುವರು. ಸಾಲು ಹಿಂದಿನಂತಾಗಲು ಹೊರಡುತ್ತದೆ, ಇಂಗಾಲಕ್ಕೆ ಹೊರನಡೆಯಲು ಸಮಯವಿಲ್ಲ. ಸಿಕ್ಕಿಬಿದ್ದ ಇಂಗಾಲದಿಂದ ಜೋಡಣೆ ಸೊಟ್ಟಾಗಿ ಬಿಗಿಯುತ್ತದೆ. ಉಕ್ಕಿನ ಗಡಸು ಬಂದುದು ಇಲ್ಲಿಂದಲೇ. ಆದರೆ ಇಷ್ಟಕ್ಕೇ ಬಿಟ್ಟರೆ ಕತ್ತಿ ಗಾಜಿನಂತೆ ಒಡೆದೀತು. ಆದಕಾರಣ ಮತ್ತೆ ಹದವಾಗಿ ಕಾಯಿಸಿ, ಬಾಯಿ ಒಣಹುಲ್ಲಿನ ಬಣ್ಣಕ್ಕೆ ಬಂದೊಡನೆ, ಅಂದರೆ ಸುಮಾರು 230 ಡಿಗ್ರಿಗೆ, ನಿಲ್ಲಿಸುವರು. ಸ್ವಲ್ಪ ಇಂಗಾಲ ಮಾತ್ರ ಹೊರಬಂದು ಕಬ್ಬಿಣದೊಡನೆ ಕೂಡಿ ಸೂಕ್ಷ್ಮ ಕಣಗಳಾಗುತ್ತದೆ. ನೀಲಿ ಬಣ್ಣವೆಂದರೆ 300 ಡಿಗ್ರಿ. ನನ್ನ ಸಾಣೆಯ ಬಿಸಿಯಲ್ಲಿ ಇಂಗಾಲವು ಬೇಕಾದುದಕ್ಕಿಂತ ಹೆಚ್ಚು ನಡೆದುಬಿಟ್ಟಿತ್ತು.

ಆಚಾರಿಯವರು ಕುಲುಮೆಯಲ್ಲಿ ಉಷ್ಣಮಾಪಕವನ್ನು ಇಟ್ಟವರಲ್ಲ. ಕತ್ತಿಯನ್ನು ಬಾಗಿಲ ಮರೆಯ ನೆರಳಿಗೆ ಒಯ್ದು ಬಣ್ಣ ನೋಡಿದರು, ನೀರಿಗಿಟ್ಟರು. ಈಗ ಅದು ಮನೆಯಲ್ಲಿ ಕಾಯಿ ಕೆತ್ತುತ್ತಿದೆ. ಸಾಣೆಗೆ ನಾನು ನೀರು ಹನಿಸುವುದನ್ನು ಕಲಿತಿದ್ದೇನೆ.